ಅಂಗಳ ಡೊಂಕಲ್ಲ, ಸ್ವಾಮಿ!

ಕುಣಿಯಲು ಬಾರದವಳು ಅಂಗಳ ಡೊಂಕು ಅಂದಳಂತೆ. ನಮ್ಮ ಮುಂಬಯಿ ಕನ್ನಡಿಗರಲ್ಲಿ ಈ ಗಾದೆ ಕಾಲು ಶತಮಾನದಿಂದ ಹೊಸ ವೇಷ ತೊಟ್ಟು ತಿರುಗುತ್ತಿದೆ: "ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ, ಸ್ವಾಮಿ." ಊರಿಗೆ ಕಳಿಸುವ ಎರಡು ಸಾಲಿನ ಸಂದೇಶವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ನಮ್ಮ ದಹಿಸರಿನ ಬಂಧುಗಳನ್ನು ಕೇಳಿ ನೋಡಿ, ಬರುವ ಉತ್ತರ ಇದೇ. ಈ ಮಾತು ಸುಳ್ಳು. ಇಂಥ ಸುಳ್ಳೊಂದು ನನ್ನ ಮನೆಯಲ್ಲಿಯೇ ಹುಟ್ಟಿದ್ದನ್ನು ಕಂಡವನಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಬಾಗಿಲು ತೆರೆದ ಮೇಲೆ ಮುಂಬಯಿಯ ಕೆಲವು ಮಧ್ಯಮ ವರ್ಗದ ಮನೆಗಳಿಗೂ ಮೋಡೆಮ್ ಎಂಬ ಪೆಟ್ಟಿಗೆ ಬಂತು. ಗಣಕಯಂತ್ರದ ಅಂಕಿಗಳನ್ನು ಸದ್ದಾಗಿಸಿ ದೂರವಾಣಿ ತಂತಿಯ ಮೇಲೆ ಕಳಿಸುವುದು, ಬಂದ ಸದ್ದನ್ನು ಮರಳಿ ಅಂಕಿಗಳಾಗಿಸುವುದು ಅದರ ಕೆಲಸ. 1998ರ ಮಳೆಗಾಲದಲ್ಲಿ ಸಂಘವೊಂದರ ಸ್ಮರಣ ಸಂಚಿಕೆಯ ಬರಹಗಳನ್ನು ಮಂಗಳೂರಿನ ಒಂದು ಮುದ್ರಣಾಲಯಕ್ಕೆ ಕಳಿಸುವ ಹೊಣೆ ನನಗೆ ಬಿತ್ತು. ಎಸ್‌ಟಿಡಿ ದರ ಇಳಿಯುವ ತಡರಾತ್ರಿಯವರೆಗೆ ಕಾದು, ದಹಿಸರ್ ಪೂರ್ವದ ಮನೆಯಿಂದ ನೇರವಾಗಿ ಅವರ ಮೋಡೆಮಿಗೆ ಕರೆ ಹಚ್ಚಿದೆ. ಹೊರಗೆ ಧೋ ಎಂದು ಮಳೆ, ತಂತಿಯಲ್ಲಿ ಕರಕರ. ಮರುದಿನ ಅತ್ತಲಿಂದ ಫೋನ್ ಬಂತು: "ಇಂಗ್ಲಿಷ್ ವಿಳಾಸಗಳೆಲ್ಲ ಸರಿಯಾಗಿ ಬಂದಿವೆ ಮಾರಾಯ್ರೇ, ಕನ್ನಡ ಮಾತ್ರ ಪೂರಾ ಚಿತ್ರಾನ್ನ!"

ಸಮಿತಿ ಕೂಡಿತು. ಒಬ್ಬರು ಮಳೆಯನ್ನು ದೂರಿದರು, ಇನ್ನೊಬ್ಬರು ತಂತಿಯನ್ನು. ಕೊನೆಗೆ ಎಲ್ಲರೂ ಸೇರಿ ಕನ್ನಡವನ್ನೇ ದೂರಿದರು. ಆದರೆ ಮಳೆ ಭಾಷೆ ನೋಡಿ ಸುರಿಯುತ್ತದೆಯೇ? ತಂತಿಯ ದೋಷವಾಗಿದ್ದರೆ ಇಂಗ್ಲಿಷ್ ವಿಳಾಸಗಳೂ ಅಲ್ಲಲ್ಲಿ ಕೆಡಬೇಕಿತ್ತಲ್ಲವೇ? ಈ ಸರಳ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಿಜ ಕಾರಣ ತಿಳಿದದ್ದು ಎಷ್ಟೋ ತಿಂಗಳ ನಂತರ. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳೆಲ್ಲ 128 ಸ್ಥಾನಗಳೊಳಗೆ ಮುಗಿಯುತ್ತವೆ. ಅದಕ್ಕೆ ಏಳು ಬಿಟ್ ಸಾಕು. ಒತ್ತಕ್ಷರ, ಗುಣಿತಗಳ ತುಂಡುಗಳನ್ನೆಲ್ಲ ಹಿಡಿಸಬೇಕಾದ ಅಂದಿನ ಕನ್ನಡ ಫಾಂಟುಗಳಿಗೆ 256ರವರೆಗಿನ ಸ್ಥಾನಗಳು, ಅಂದರೆ ಎಂಟನೆಯ ಬಿಟ್ ಕೂಡ ಬೇಕಿತ್ತು. ನಾನು ಮೋಡೆಮಿನ ತಂತ್ರಾಂಶವನ್ನು ಏಳು ಬಿಟ್ಟಿಗೆ ಹೊಂದಿಸಿ, ಫೈಲನ್ನು ಬರಿಯ ಪಠ್ಯವೆಂಬಂತೆ ಸುರಿದಿದ್ದೆ. ಎಂಟನೆಯ ಬಿಟ್ ದಹಿಸರಿನಲ್ಲೇ ಉಳಿಯಿತು! ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್: ಇಷ್ಟನ್ನು ಎರಡೂ ಕಡೆ ಒಂದೇ ರೀತಿ ಹೊಂದಿಸುವುದು ಒಂದು ನಿಮಿಷದ ಕೆಲಸ. ಕುಣಿಯಲು ಬಾರದವನು ನಾನೇ ಆಗಿದ್ದೆ.

ತಂತಿಯ ಕರಕರಕ್ಕೂ ಮದ್ದು ಇರಲಿಲ್ಲವೆಂದಲ್ಲ. 1988ರಲ್ಲೇ ಬಂದ ವಿ.42 ಎಂಬ ಮಾನದಂಡದ ಪ್ರಕಾರ, ಕೆಟ್ಟು ಬಂದ ತುಣುಕನ್ನು ಮೋಡೆಮುಗಳು ತಮ್ಮತಮ್ಮಲ್ಲೇ ಮತ್ತೆ ಕೇಳಿ ಪಡೆಯುತ್ತಿದ್ದವು. ಆದರೆ ಈ ತಪಾಸಣೆ ಕಾಯುವುದು ತಂತಿಯನ್ನಷ್ಟೇ. ಮೋಡೆಮಿನಿಂದ ಗಣಕಕ್ಕೆ ಹೋಗುವ ಮೊಳದುದ್ದದ ಕೇಬಲಿನಲ್ಲಿ ಉದುರಿದ್ದು ಅದಕ್ಕೆ ಕಾಣದು. ಅಲ್ಲಿ "ತಡೆ, ಈಗ ಕಳಿಸು" ಎಂದು ಹೇಳುವ ವ್ಯವಸ್ಥೆಯನ್ನು ಕೇಬಲಿನ ಪ್ರತ್ಯೇಕ ಎಳೆಗಳಿಗೆ ವಹಿಸಬೇಕು. ತಂತ್ರಾಂಶಕ್ಕೆ ವಹಿಸಿದರೆ 17 ಮತ್ತು 19ನೆಯ ಸಂಕೇತಗಳನ್ನು ಅದು ಅಪ್ಪಣೆಯೆಂದು ತಿಳಿದು ನುಂಗಿಬಿಡುತ್ತದೆ. ಇದರ ಮೇಲೆ, 1986ರಲ್ಲಿ ಚಕ್ ಫೋರ್ಸ್‌ಬರ್ಗ್ ರೂಪಿಸಿದ ಝಡ್‌ಮೋಡೆಮ್ ಪದ್ಧತಿಯಲ್ಲಿ ಕಳಿಸಿದ್ದರೆ ಈ ತುದಿಯಿಂದ ಆ ತುದಿಯವರೆಗೂ ಲೆಕ್ಕ ತಾಳೆಯಾಗುತ್ತಿತ್ತು. ಕರೆ ಕಡಿದರೆ ನಿಂತಲ್ಲಿಂದ ಮುಂದುವರಿಯಬಹುದಿತ್ತು. ವೇಗದ ಆಸೆಗೆ 28,800ಕ್ಕೆ ಹಚ್ಚಿ ಪದೇ ಪದೇ ಮುಗ್ಗರಿಸುವ ಬದಲು 9,600ಕ್ಕೆ ಇಳಿಸಿದ್ದರೂ 500 ಕಿಲೋಬೈಟಿನ ಫೈಲು ಸುಮಾರು 9 ನಿಮಿಷಗಳಲ್ಲಿ ಅಖಂಡವಾಗಿ ಮುಟ್ಟುತ್ತಿತ್ತು. ಒಳಕೋಣೆಯ ಇನ್ನೊಂದು ಫೋನನ್ನು ಯಾರೂ ಎತ್ತದಂತೆ ನೋಡಿಕೊಂಡರೆ ಸರಿ.

ಇಷ್ಟೆಲ್ಲ ಇದ್ದೂ ನಾವು ಮಾಡಿದ್ದೇನು? "ಇಂಗ್ಲಿಷ್ ಅಕ್ಷರದಲ್ಲೇ ಬರೆದು ಕಳಿಸಿ, ಇಲ್ಲಿ ನೋಡಿ ಕನ್ನಡಕ್ಕೆ ಇಳಿಸುತ್ತಾರೆ" ಎಂದು ಸಮಿತಿ ಠರಾವು ಮಾಡಿತು. ನಾನೂ ಕೈ ಎತ್ತಿದೆ. ಒಂದು ಸಂಚಿಕೆಗೆಂದು ಮಾಡಿಕೊಂಡ ಈ ಉಪಾಯವೇ ಆಮೇಲೆ ನಮ್ಮಲ್ಲಿ ಮನೆಮನೆಯ ರೂಢಿಯಾಯಿತು. ಇದರ ನಷ್ಟ ಸಣ್ಣದಲ್ಲ. ಬೆಲೆ ಮತ್ತು ಬೆಳೆ, ಮನೆ ಮತ್ತು ಮಣೆ, ಹಾಲು ಮತ್ತು ಹಾಳು: ನಾವು ಬರೆಯುವ ಇಂಗ್ಲಿಷ್ ಅಕ್ಷರಗಳಲ್ಲಿ ಈ ಜೋಡಿಗಳೆಲ್ಲ ಒಂದೇ. ಊರಿನ ಅಣ್ಣ ಕೇಳಿದ್ದು ಅಡಿಕೆಯ ಬೆಲೆಯನ್ನೋ ಬೆಳೆಯನ್ನೋ ಎಂದು ಇಲ್ಲಿಯವರು ಊಹಿಸಬೇಕು. ತಂತಿ ಎಷ್ಟೇ ಶುದ್ಧವಾಗಿರಲಿ, ಈ ದೋಷವನ್ನು ಯಾವ ಮೋಡೆಮೂ ಹಿಡಿಯಲಾರದು; ಏಕೆಂದರೆ ಕಳಿಸುವ ಮೊದಲೇ ನಾವು ಮಾತನ್ನು ಕೆಡಿಸಿರುತ್ತೇವೆ.

"ಆ ಕಾಲ ಮುಗಿಯಿತಲ್ಲ, ಈಗೇಕೆ ಈ ರಗಳೆ?" ಎನ್ನುವವರುಂಟು. ಮುಗಿದದ್ದರಿಂದಲೇ ಕೇಳುತ್ತಿದ್ದೇನೆ. ಇಂದು ಕಿಸೆಯ ಫೋನಿನಲ್ಲೇ ಯೂನಿಕೋಡ್ ಕನ್ನಡವಿದೆ. "ಅಮ್ಮ" ಎಂಬ ಪದ ಇಂದು 12 ಬೈಟುಗಳಾಗಿ ಪ್ರಯಾಣಿಸುತ್ತದೆ, ಅಷ್ಟೂ ಬೈಟುಗಳಲ್ಲಿ ಆ ಎಂಟನೆಯ ಬಿಟ್ ಇದೆ; ದಹಿಸರಿನಿಂದ ದುಬಾಯಿಯವರೆಗೆ ಒಂದು ಕೊಂಬೂ ಮುರಿಯದೆ ತಲುಪುತ್ತದೆ. ಹಾಗಿದ್ದೂ ನಮ್ಮ ಮಕ್ಕಳಿಗೆ ಅಜ್ಜಿಯ ಪತ್ರ ಓದಲು ಬಾರದು. ಇದಕ್ಕೆ ಯಾವ ಮಳೆಯನ್ನು ದೂರೋಣ?

ಇನ್ನೊಂದು ಸಾಲ ಬಾಕಿ ಇದೆ. ಹಳೆಯ ಸ್ಮರಣ ಸಂಚಿಕೆಗಳ ಫೈಲುಗಳು ಎಷ್ಟೋ ಕಪಾಟುಗಳ ಫ್ಲಾಪಿ, ಸಿ.ಡಿ.ಗಳಲ್ಲಿ ಅಂದಿನ ಫಾಂಟುಗಳಲ್ಲೇ ಮಲಗಿವೆ. ಇಂದಿನ ಗಣಕದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸದಂತೆ ಕಾಣುವುದರಿಂದ ಕೆಟ್ಟಿವೆಯೆಂದು ಎಸೆಯುವವರಿದ್ದಾರೆ. ಎಸೆಯಬೇಡಿ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತಿಸಿದ ಮೇಲೆ ಅಚ್ಚಾದ ಪ್ರತಿಯೊಡನೆ ಸಾಲು ಸಾಲಾಗಿ ತಾಳೆ ನೋಡಿ. ಕಳಿಸಿದ್ದು ಮತ್ತು ತಲುಪಿದ್ದು ಒಂದೇ ಎಂದು ಖಾತ್ರಿಯಾಗುವವರೆಗೆ ಕೆಲಸ ಮುಗಿಯಲಿಲ್ಲವೆಂಬುದು ಮೋಡೆಮಿನ ಪಾಠ.

ಪ್ರತಿ ಸಂಘವೂ ವಾರ್ಷಿಕೋತ್ಸವದ ಹಾರ ತುರಾಯಿಗಳ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಲಿ. ಪ್ರತಿ ಮನೆಯವರೂ ಇಂದು ರಾತ್ರಿಯೇ ಫೋನಿನಲ್ಲಿ ಕನ್ನಡ ಕೀಲಿಮಣೆಯನ್ನು ತೆರೆದು, ಊರಿಗೆ ಒಂದು ಸಾಲು ಬರೆಯಲಿ. ಅಂಗಳ ಡೊಂಕಲ್ಲ, ಸ್ವಾಮಿ. ಎಂದೂ ಡೊಂಕಾಗಿರಲಿಲ್ಲ.