ಮನೆವಾರ್ತೆ: ಕಾರಿನ ನೆತ್ತಿಯ ಮೇಲೊಂದು ಬಿಡಾರ

ಗಡಹಿಂಗ್ಲಜದ ಸೋದರಿಯೊಬ್ಬರು ಈ ಸಲ ತುಸು ವಿಚಿತ್ರವಾದ ಪ್ರಶ್ನೆಯನ್ನು ಕಳಿಸಿದ್ದಾರೆ. ಅವರ ಯಜಮಾನರು ಕಾರಿನ ಮಾಡಿನ ಮೇಲೆ ಕೂರಿಸುವ, ಪೆಟ್ಟಿಗೆಯಂತೆ ಮುಚ್ಚಿ ತೆರೆಯುವ ಗಟ್ಟಿ ಕವಚದ ಡೇರೆಯನ್ನು ಕೊಳ್ಳಬೇಕೆಂದು ಹಟ ಹಿಡಿದಿದ್ದಾರಂತೆ. ಮನೆಯಲ್ಲಿರುವುದು ವ್ಯಾಗನ್-ಆರ್ ಕಾರು. ಮಂದಿ ಐವರು: ದಂಪತಿಗಳು, ಇಬ್ಬರು ಮಕ್ಕಳು, ಮೊಣಕಾಲು ನೋವಿನ ಅತ್ತೆಯವರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಚಿಂಚಲಿಯ ಮಾಯಕ್ಕನ ಜಾತ್ರೆಗೂ ಬೇಸಿಗೆಯಲ್ಲಿ ಆಂಬೋಲಿಗೂ ಹೋದಾಗ ವಸತಿಗೃಹದ ಬಾಡಿಗೆ ಉಳಿಯುವುದೆಂಬುದು ಯಜಮಾನರ ಲೆಕ್ಕ. ಆದರೆ ಅಂಥ ಡೇರೆಯ ಬೆಲೆ ಲಕ್ಷ ರೂಪಾಯಿಯ ಆಸುಪಾಸಿನಿಂದ ಮೇಲಕ್ಕೆ ಏರುತ್ತದೆ. ಮನೆಯಲ್ಲಿರುವ ಆ ಹಣವೋ ಮಗಳ ಕಾಲೇಜಿಗೆಂದು ಕೂಡಿಟ್ಟದ್ದು. “ನಮ್ಮ ಕಾರಿಗೆ ಇದು ಹೊಂದುವುದೋ ಇಲ್ಲವೋ, ಅದೊಂದನ್ನು ತಿಳಿಸಿರಿ” ಎಂದು ಕೇಳಿದ್ದಾರೆ. ಇಚಲಕರಂಜಿ, ಕೊಲ್ಲಾಪುರಗಳ ಮನೆಗಳಲ್ಲಿಯೂ ಈ ಹಂಬಲ ತಲೆದೋರಿರುವುದನ್ನು ನಾವು ಬಲ್ಲೆವಾದ್ದರಿಂದ ಉತ್ತರವನ್ನು ಎಲ್ಲರಿಗಾಗಿ ಇಲ್ಲಿಯೇ ಬರೆಯುತ್ತಿದ್ದೇವೆ.

ವಾಹನದ ಮೇಲೆಯೇ ಬಿಡಾರ ಹೂಡುವುದು ನಮಗೇನೂ ಹೊಸತಲ್ಲ. ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಕಟ್ಟಿದ ಚಕ್ಕಡಿಯಲ್ಲಿ ಹೋಗಿಬಂದ ಹಿರಿಯರು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ. ಬಿದಿರಿನ ಕಮಾನು, ಅದರ ಮೇಲೆ ಚಾಪೆಯೋ ತಾಡಪತ್ರಿಯೋ, ಒಳಗೆ ಹುಲ್ಲಿನ ಮೇಲೆ ಹಾಸಿದ ಕೌದಿ: ಇಷ್ಟೇ ಅದರ ಸಲಕರಣೆ. ಮುದುಕಿಯರೂ ಕೂಸುಗಳೂ ಒಳಗೆ ಮಲಗುವರು. ಗಂಡಸರು ಗಾಡಿಯ ಕೆಳಗೆ ಮೈಚಾಚುವರು. ಆ ಕಮಾನು ಹಗುರಾಗಿದ್ದುದೂ ಗಾಡಿಯ ಅಳತೆಗೆ ಸರಿಯಾಗಿದ್ದುದೂ ಆಕಸ್ಮಿಕವಲ್ಲ. ಗಾಡಿ ಹಿಂದಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದಭಾರವಾದರೆ ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ಗಾಡಿ ಹೂಡುವಾತನು ಹೊರಡುವ ಮುನ್ನವೇ ಭಾರವನ್ನು ಹಿಂದುಮುಂದು ಸರಿಸಿ ನೋಡುತ್ತಿದ್ದನು. ಎತ್ತು ಗೋಣು ಕೊಡವಿ ತನ್ನ ಸಂಕಟವನ್ನು ಹೇಳುತ್ತದೆ. ಕಾರು ಹೇಳುವುದಿಲ್ಲ, ಘಟ್ಟದ ತಿರುವಿನಲ್ಲಿ ಒಮ್ಮೆಲೇ ಹೇಳುತ್ತದೆ.

ಕಾರಿನ ಮೇಲಿನ ಡೇರೆ ಯುರೋಪಿನಲ್ಲಿ ಅರುವತ್ತು ವರ್ಷಗಳಿಗೂ ಹಳೆಯದು. ಇಟಲಿಯ ಮಗ್ಗಿಯೊಲಿನಾ ಎಂಬ ಗಟ್ಟಿ ಕವಚದ ಡೇರೆ ೧೯೫೮ರಷ್ಟು ಹಿಂದಿನದು. ಪೂರ್ವ ಜರ್ಮನಿಯಲ್ಲಂತೂ ೧೯೭೦ರ ದಶಕದಲ್ಲಿ ಗೆರ್ಹಾರ್ಡ್ ಮ್ಯೂಲರ್ ಎಂಬಾತನು ಟ್ರಾಬಂಟ್ ಎಂಬ ಪುಟ್ಟ ಕಾರಿಗೂ ಮಾಡಿನ ಡೇರೆಯನ್ನು ಮಾಡಿದ್ದನು. ಆ ಕಾರಿನ ಉದ್ದ ಮೂರೂವರೆ ಮೀಟರು, ತೂಕ ಆರುನೂರು ಕಿಲೋದ ಸುಮಾರು. ಇದನ್ನು ಓದಿದ ಯಜಮಾನರು “ನೋಡು, ಅಷ್ಟು ಸಣ್ಣದಕ್ಕೇ ಆಗುವುದಾದರೆ ನಮ್ಮದಕ್ಕೇಕಾಗದು?” ಎಂದಾರು. ಅದು ಆ ಒಂದು ಕಾರನ್ನೇ ಮುಂದಿಟ್ಟುಕೊಂಡು, ಅದರ ಅಳತೆಗೆ ತಕ್ಕಂತೆ ಮಾಡಿದ ಬಟ್ಟೆಯ ಡೇರೆ. ಇಂದು ಅಂಗಡಿಯಲ್ಲಿ ದೊರೆಯುವ ಗಟ್ಟಿ ಕವಚದ ಡೇರೆಗಳು ಬಹುಮಟ್ಟಿಗೆ ದೊಡ್ಡ ವಾಹನಗಳನ್ನು ನೆನೆದು ಮಾಡಿದವು. ಫೈಬರು ಅಥವಾ ಅಲ್ಯೂಮಿನಿಯಂ ಕವಚ, ಒಳಗಿನ ಹಾಸಿಗೆ, ಏಣಿ ಎಲ್ಲ ಸೇರಿ ಸಾಮಾನ್ಯವಾಗಿ ೫೦ರಿಂದ ೮೦ ಕಿಲೋ ತೂಗುತ್ತವೆ.

ಆದ್ದರಿಂದ ಮೊದಲು ನೋಡತಕ್ಕದ್ದು ತೂಕ, ಅಳತೆ ಆಮೇಲೆ. ಕಾರಿನೊಡನೆ ಬಂದ ಕೈಪಿಡಿಯಲ್ಲಿ ಮಾಡು ಎಷ್ಟು ಭಾರ ಹೊರಬಲ್ಲುದೆಂದು ನಮೂದಿಸಿರುತ್ತಾರೆ. ಅದು ಓಡುವಾಗಿನ ಮಿತಿ. ಆ ಅಂಕೆ ನಿಮ್ಮ ಕೈಪಿಡಿಯಲ್ಲಿ ಇಲ್ಲದಿದ್ದರೆ ತಯಾರಕರ ಸೇವಾಕೇಂದ್ರದಲ್ಲಿ ಬರಹದಲ್ಲಿ ಕೇಳಿ ಪಡೆಯಿರಿ. ಮಾರುವವನ ಬಾಯಿಮಾತು ಪ್ರಯೋಜನಕ್ಕೆ ಬಾರದು. ಮಾಡಿಗೊಂದು ಮಿತಿ, ಅಡ್ಡಪಟ್ಟಿಗೊಂದು ಮಿತಿ, ಪಟ್ಟಿಯನ್ನು ಹಿಡಿದಿಡುವ ಕಾಲುಗಳಿಗೊಂದು ಮಿತಿ; ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಮೇಲಾಗಿ ಪಟ್ಟಿಗಳ ತೂಕವನ್ನೂ, ಡೇರೆಯೊಳಗೆ ಮಡಚಿಟ್ಟ ಹೊದಿಕೆಯ ತೂಕವನ್ನೂ ಅದರಲ್ಲಿಯೇ ಕಳೆಯಬೇಕು. ಕೈಪಿಡಿಯಲ್ಲಿ ೫೦ ಕಿಲೋ ಎಂದಿದೆಯೆನ್ನಿ: ಪಟ್ಟಿ ೬, ಡೇರೆ ೬೦, ಅಲ್ಲಿಗೇ ೧೬ ಕಿಲೋ ಹೆಚ್ಚಾಯಿತು. ೭೫ ಎಂದಿದ್ದರೆ ಅದೇ ಡೇರೆ ಕೂರುತ್ತದೆ, ಹೊದಿಕೆಗೆ ೯ ಕಿಲೋ ಉಳಿಯುತ್ತದೆ.

“ಹಾಗಾದರೆ ಇಬ್ಬರು ಮೇಲೇರಿ ಮಲಗಿದರೆ ಮಾಡು ಕುಸಿಯದೇ?” ಎಂಬ ಸಂಶಯ ಸಹಜವೇ. ನಿಂತ ಕಾರಿನ ಮೇಲೆ ಭಾರ ನೇರವಾಗಿ ಕೆಳಗಿಳಿದು ಕಂಬಗಳ ಮೂಲಕ ಗಾಲಿಗಳಿಗೆ ಹೋಗುತ್ತದೆ. ಓಡುವ ಕಾರಿನಲ್ಲಿ ಅದೇ ಭಾರ ಬ್ರೇಕು ಹಾಕಿದಾಗ ಮುಂದಕ್ಕೂ, ತಿರುವಿನಲ್ಲಿ ಮಗ್ಗುಲಿಗೂ, ಗುಂಡಿಯಲ್ಲಿ ಮೇಲೆ ಕೆಳಗೂ ಎಳೆಯುತ್ತದೆ. ಆದಕಾರಣ ನಿಂತಾಗಿನ ಸಾಮರ್ಥ್ಯ ಓಡುವಾಗಿನದಕ್ಕಿಂತ ಕೆಲವು ಪಟ್ಟು ಹೆಚ್ಚು. ತಲಾ ೬೫ ಕಿಲೋದ ಇಬ್ಬರು ಮತ್ತು ಡೇರೆ ಸೇರಿ ೨೦೦ ಕಿಲೋ ದಾಟದಿದ್ದರೆ ಗಟ್ಟಿಯಾದ ಮಾಡಿನ ದೊಡ್ಡ ವಾಹನ ಅದನ್ನು ಹೊರಬಲ್ಲುದು. ಆದರೂ ಪಟ್ಟಿಯ ತಯಾರಕರು ನಿಂತಾಗಿನ ಮಿತಿಯನ್ನು ಬೇರೆಯಾಗಿ ಹೇಳಿರುವರೋ ಎಂಬುದನ್ನು ವಿಚಾರಿಸಬೇಕು.

ಇನ್ನು ಅಳತೆ. ೨೦೦೬ರಲ್ಲಿ ೪ ಮೀಟರು ಮೀರದ ಸಣ್ಣ ಕಾರುಗಳಿಗೆ ಅಬಕಾರಿ ಸುಂಕವನ್ನು ಇಳಿಸಿದ ಮೇಲೆ ನಮ್ಮ ದೇಶದ ಎಷ್ಟೋ ಕಾರುಗಳ ಬಾಲ ಮೋಟಾಯಿತು. ವ್ಯಾಗನ್-ಆರ್‌ನ ಉದ್ದ ೩೬೫ ಸೆಂಟಿಮೀಟರಿಗೆ ತುಸು ಮೇಲು, ಅಗಲ ೧೬೨. ಬೊಲೆರೋ ೪೦೦ಕ್ಕೆ ಕೂದಲೆಳೆಯಷ್ಟು ಕಡಿಮೆ. ಎರ್ಟಿಗಾ ೪೩೯, ಇನ್ನೋವಾ ಕ್ರಿಸ್ಟಾ ೪೭೩. ಆದರೆ ಇದು ಇಡೀ ಕಾರಿನ ಉದ್ದ. ಮುಂದಿನ ಬಾನೆಟ್ಟೂ ಓರೆಯಾದ ಗಾಜೂ ಕಳೆದು ಮಾಡಿಗೆ ಉಳಿಯುವುದೆಷ್ಟು ಎಂಬುದೇ ಮುಖ್ಯ. ದರ್ಜಿಯ ಟೇಪು ಹಿಡಿದು ಮುಂಗಾಜಿನ ಮೇಲಂಚಿನಿಂದ ಹಿಂಬಾಗಿಲ ಮೇಲಂಚಿನವರೆಗೆ ಅಳೆಯಿರಿ. ಅಡ್ಡಲಾಗಿ, ಮಾಡಿನ ಸಮತಟ್ಟಾದ ಭಾಗವನ್ನಷ್ಟೇ ಅಳೆಯಿರಿ. ಉದ್ದುದ್ದ ಮಲಗುವ ಗಟ್ಟಿ ಕವಚದ ಡೇರೆ ಮುಚ್ಚಿದಾಗಲೂ ೨೧೦ ಸೆಂಟಿಮೀಟರಿನ ಸುಮಾರು ಉದ್ದ, ೧೩೦ರ ಸುಮಾರು ಅಗಲ ಇರುತ್ತದೆ. ಎರಡು ಅಡ್ಡಪಟ್ಟಿಗಳ ನಡುವೆ ಸಾಕಷ್ಟು ಅಂತರ ಸಿಗದಿದ್ದರೆ ಡೇರೆ ತಕ್ಕಡಿಯ ದಂಡಿಗೆಯಂತೆ ತೂಗಾಡುತ್ತದೆ. ಹಿಂಬಾಗಿಲನ್ನು ಪೂರ್ತಿ ಎತ್ತಿ ನೋಡಿರಿ. ಡೇರೆಯ ಅಂಚಿಗೆ ತಾಗಿದರೆ ಪ್ರತಿ ಸಲವೂ ಸಾಮಾನು ತೆಗೆಯುವುದು ಪಡಿಪಾಟಲೇ. ಮಾಡಿನ ಮೇಲಿನ ರೇಡಿಯೋ ಏರಿಯಲ್ಲನ್ನೂ ಮರೆಯಬೇಡಿರಿ. ಮಗ್ಗುಲಿಗೆ ಮಡಚಿ ಬಿಚ್ಚುವ ಇನ್ನೊಂದು ಬಗೆಯುಂಟು. ಅದು ಮುಚ್ಚಿದಾಗ ಕಿರಿದಾಗಿ, ಬಿಚ್ಚಿದಾಗ ಮೂರು ನಾಲ್ಕು ಮಂದಿಗೆ ಸಾಲುತ್ತದೆ, ಆದರೆ ಸಾಮಾನ್ಯವಾಗಿ ಅದರ ತೂಕ ಹೆಚ್ಚು. ಇಲ್ಲಿ ಉಳಿಸಿದ್ದನ್ನು ಅಲ್ಲಿ ತೆತ್ತಂತೆ.

ಮಾಡಿನ ಮೇಲೆ ಕಾಣುವ ಎರಡು ಹಳಿಗಳನ್ನು ನೋಡಿ ಮೋಸ ಹೋಗಬಾರದು. ಕೆಲವು ಕಾರುಗಳಲ್ಲಿ ಅವು ಬರಿಯ ಅಂದಕ್ಕೆ ಅಂಟಿಸಿದವು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಮಾಡಿನ ಸುತ್ತಲೂ ಮಳೆನೀರಿನ ಕಾಲುವೆಯಂಥ ಅಂಚು ಇರುತ್ತಿತ್ತು. ಕ್ಯಾರಿಯರನ್ನು ಅದಕ್ಕೆ ಕಚ್ಚಿಸಿ ಪ್ರವಾಸ ಹೊರಡುತ್ತಿದ್ದರು. ಆ ಅಂಚು ಇಂದಿನ ಬಹಳ ಕಾರುಗಳಿಗಿಲ್ಲ. “ಶಿರೋಲಿಯಲ್ಲೋ ಗೋಕುಳ ಶಿರಗಾಂವದಲ್ಲೋ ಹೇಳಿ ಮಾಡಿಸಿದರಾಯಿತು” ಎನ್ನುವವರುಂಟು. ಕೊಲ್ಲಾಪುರದ ಎರಕದವರ, ವೆಲ್ಡಿಂಗಿನವರ ಕೈಗುಣದ ಬಗ್ಗೆ ನಮಗೆ ಗೌರವವೇ ಇದೆ. ಆದರೆ ಕಬ್ಬಿಣದ ಕೊಳವೆಯ ಕ್ಯಾರಿಯರು ತಾನೇ ೨೫–೩೦ ಕಿಲೋ ತೂಗಿದರೆ ಮಾಡಿನ ಮಿತಿಯ ಅರ್ಧವನ್ನು ಅದೇ ನುಂಗಿತು. ಇದರೊಡನೆ ಕಾನೂನೂ ಇದೆ: ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಮಾಡು ಕೊರೆದು ಬೆಸುಗೆ ಹಾಕಿಸುವ ಮಾತನ್ನು ಬಿಟ್ಟೇಬಿಡಿರಿ. ಬಿಚ್ಚಿ ತೆಗೆಯಬಹುದಾದ ಪಟ್ಟಿಯ ಮೇಲೆ ಡೇರೆ ಕೂರಿಸುವುದಾದರೂ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮೊದಲೇ ವಿಚಾರಿಸುವುದು ಲೇಸು.

ಎತ್ತರವನ್ನು ಬಹಳ ಮಂದಿ ಮರೆಯುತ್ತಾರೆ. ಬೊಲೆರೋದ ಎತ್ತರ ೧೮೮ ಸೆಂಟಿಮೀಟರು. ಪಟ್ಟಿಗೆ ೧೦, ಮುಚ್ಚಿದ ಡೇರೆಗೆ ೩೦ ಕೂಡಿಸಿದರೆ ೨೨೮ ಆಯಿತು. ಮನೆಯ ಪೋರ್ಚು, ಹೊಟೇಲಿನ ನೆಲಮಾಳಿಗೆ, ತೋಟದ ಬಾಗಿಲ ಮೇಲಿನ ಕಮಾನು ಎಲ್ಲವನ್ನೂ ಈ ಅಂಕೆಯಿಂದಲೇ ಅಳೆಯಬೇಕು. ಆಜರಾ ದಾಟಿ ಆಂಬೋಲಿಯಿಂದ ಸಾವಂತವಾಡಿಗೆ ಇಳಿಯುವಾಗ, ಅಥವಾ ಗಗನಬಾವಡಾದಿಂದ ಕರೂಳ ಘಟ್ಟವಿಳಿಯುವಾಗ, ನೆತ್ತಿಯ ಮೇಲಿನ ೬೦ ಕಿಲೋ ಕಾರನ್ನು ಹೊರಮಗ್ಗುಲಿಗೆ ವಾಲಿಸುತ್ತದೆ. ಗಾಳಿಯ ತಡೆಯಿಂದ ಇಂಧನವೂ ಹೆಚ್ಚು ಸುಡುತ್ತದೆ. ಮೊದಲ ೫೦ ಕಿಲೋಮೀಟರು ಓಡಿಸಿದ ಬಳಿಕ ನಿಲ್ಲಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕು. ಓಡುವ ಕಾರಿನ ಡೇರೆಯಲ್ಲಿ ಮಕ್ಕಳನ್ನು ಮಲಗಿಸುವ ಯೋಚನೆಯನ್ನು ಯಾರೂ ಮಾಡಲಾರರೆಂದು ನಂಬಿದ್ದೇವೆ. ಆದರೂ ಹೇಳಿಬಿಡುವುದು ಒಳ್ಳೆಯದು.

ಬಟ್ಟೆಯ ವಿಷಯವನ್ನು ಇಚಲಕರಂಜಿಯವರಿಗೆ ನಾವು ಹೇಳಿಕೊಡುವುದೆಂದರೆ ಮಗ್ಗದವನಿಗೆ ಲಾಳಿ ತೋರಿಸಿದಂತೆ. ಹತ್ತಿ ಮತ್ತು ಪಾಲಿಯೆಸ್ಟರು ಬೆರೆತ ದಪ್ಪ ಬಟ್ಟೆ ಉಸಿರಾಡುತ್ತದೆ, ಬರಿಯ ಪಾಲಿಯೆಸ್ಟರು ಬೇಗ ಒಣಗುತ್ತದೆ. ಚದರ ಮೀಟರಿಗೆ ಎಷ್ಟು ಗ್ರಾಮೆಂದು ಕೇಳಿ, ಬೆರಳಲ್ಲಿ ಹಿಡಿದು ನೋಡಿ, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿರುವರೋ ಎಂದು ಪರೀಕ್ಷಿಸಿರಿ. ತೊಯ್ದ ಡೇರೆಯನ್ನು ಹಾಗೆಯೇ ಮುಚ್ಚಿಟ್ಟರೆ ಗಟ್ಟಿ ಕವಚದೊಳಗೆ ಬೂಷ್ಟು ಹಿಡಿಯುತ್ತದೆ; ಊರಿಗೆ ಮರಳಿದೊಡನೆ ಬಿಚ್ಚಿ ಬಿಸಿಲು ತೋರಿಸಬೇಕು. ಮಳೆಗಾಲದ ಆಂಬೋಲಿಯಲ್ಲಿ ಯಾವ ಡೇರೆಯೂ ಸುಖ ಕೊಡದು. ಇಡೀ ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಅದೊಂದು.

ಎಲ್ಲಿ ನಿಲ್ಲಿಸುವುದು ಎಂಬುದೂ ಚಿಕ್ಕ ಮಾತಲ್ಲ. ನೃಸಿಂಹವಾಡಿಯ ಸಂಗಮದ ದಂಡೆ ಬೇಸಿಗೆಯಲ್ಲಿ ರಮ್ಯವೇ. ಆದರೆ ೨೦೧೯ ಮತ್ತು ೨೦೨೧ರ ಮಹಾಪೂರಗಳನ್ನು ಕಂಡವರು ಮಳೆಗಾಲದಲ್ಲಿ ಪಂಚಗಂಗೆಯ, ಕೃಷ್ಣೆಯ ತಗ್ಗಿನಲ್ಲಿ ರಾತ್ರಿ ಕಳೆಯಲಾರರು. ರಾಧಾನಗರಿಯ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗಕೂಡದು. ಆಜರಾ, ಚಂದಗಡಗಳ ಕಡೆ ಕಾಡಾನೆಗಳ ಸುಳಿದಾಟವುಂಟು. ಡೇರೆ ನೆಲಕ್ಕಿಂತ ಆಳೆತ್ತರ ಮೇಲಿದೆಯೆಂಬುದು ಆನೆಯ ಮುಂದೆ ಧೈರ್ಯದ ಮಾತಲ್ಲ.

ಇನ್ನು ನಮ್ಮ ಸೋದರಿಯ ಮನೆಯ ವಿಚಾರ. ಉದ್ದುದ್ದ ಮಲಗುವ ಡೇರೆಯಲ್ಲಿ ಹಿಡಿಸುವವರು ಇಬ್ಬರು, ಹೆಚ್ಚೆಂದರೆ ಜತೆಗೊಂದು ಕೂಸು. ಮನೆಯಲ್ಲಿರುವವರು ಐವರು. ಹಾಸಿಗೆಯ ಮಟ್ಟ ನೆಲದಿಂದ ೧೮೦ ಸೆಂಟಿಮೀಟರು ಮೇಲೆ. ಅಲ್ಲಿಗೆ ಕಡಿದಾದ ಏಣಿ. ಮೊಣಕಾಲು ನೋವಿನ ಅತ್ತೆಯವರು ಹತ್ತಲಾರರು, ಹತ್ತಿಸಿದರೂ ನಡುರಾತ್ರಿ ಒಂದಕ್ಕೆಂದು ಇಳಿಯಬೇಕಾದಾಗ ಕತ್ತಲಲ್ಲಿ ಆ ಏಣಿಯ ಗತಿಯೇನು? ಅವರನ್ನು ಕಾರಿನ ಆಸನದಲ್ಲಿ ಮಡಚಿ ಮಲಗಿಸಿ ಮಗ-ಸೊಸೆ ಮೇಲೆ ಮಲಗುವುದು ನೋಡುವವರಿಗೂ ಚೆನ್ನಲ್ಲ. ಐವರು ಕುಳಿತು, ಸಾಮಾನು ತುಂಬಿ, ಮೇಲೆ ಅರುವತ್ತು ಕಿಲೋ ಹೇರಿದರೆ ಆ ಸಣ್ಣ ಕಾರಿಗೆ ಒಟ್ಟು ಭಾರವೂ ಅತಿಯಾದೀತು. ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ವ್ಯಾಗನ್-ಆರ್‌ಗೆ ಗಟ್ಟಿ ಕವಚದ ಡೇರೆ ಬೇಡ.

ಯಜಮಾನರ ಆಸೆಯನ್ನು ಪೂರ್ತಿ ಮುರಿಯುವುದೂ ನಮಗೆ ಇಷ್ಟವಿಲ್ಲ. ಐವರು ನೆಟ್ಟಗೆ ಮಲಗಬಹುದಾದ ನೆಲದ ಡೇರೆ ಇದರ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ, ಡಿಕ್ಕಿಯಲ್ಲಿ ಕೂರುತ್ತದೆ, ಮಗಳ ಹಣಕ್ಕೆ ಕೈಹಾಕುವಂತಿಲ್ಲ. ಅತ್ತೆಯವರಿಗೆಂದು ಮಡಚುವ ಮಂಚವೊಂದನ್ನು ಜತೆಗಿಟ್ಟುಕೊಳ್ಳಲಿ. ಎಲ್ಲಮ್ಮನ ಹುಣ್ಣಿಮೆಯ ನೂಕುನುಗ್ಗಲಿನಲ್ಲಿ ಬೇಡ. ಮೊದಲ ಸಲ ಬೇಸಿಗೆಯ ಒಂದು ರಾತ್ರಿ, ನೆಂಟರ ಹೊಲದಲ್ಲಿಯೋ ಮನೆಯ ಅಂಗಳದಲ್ಲಿಯೋ ಹೂಡಿ ನೋಡಲಿ. ಅತ್ತೆಯವರಿಗೆ ನಿದ್ದೆ ಬಂದಿತೇ ಎಂಬುದನ್ನು ಮುಂದಿನ ಪತ್ರದಲ್ಲಿ ತಿಳಿಸಿರಿ.