ಗೃಹಿಣಿಯ ಆರೋಗ್ಯ: ಮುಟ್ಟಿನ ಏರುಪೇರು ಮುಚ್ಚಿಡುವ ಸಂಗತಿಯಲ್ಲ



ಕಾರ್ಕಳದ ಕಡೆಯ ತಾಯಿಯೊಬ್ಬರು ಕಳೆದ ತಿಂಗಳು ತಮ್ಮ ಮಗಳ ವಿಷಯ ಹೇಳುತ್ತ ಕಣ್ಣೀರು ತಂದರು. ಹುಡುಗಿಗೆ ಹತ್ತೊಂಬತ್ತು ವರ್ಷ, ಮಣಿಪಾಲದಲ್ಲಿ ಓದುತ್ತಿದ್ದಾಳೆ. ಮೂರು-ನಾಲ್ಕು ತಿಂಗಳಿಗೊಮ್ಮೆ ಮುಟ್ಟು, ಗಲ್ಲದ ಮೇಲೆ ಕೂದಲು, ಏರುತ್ತಿರುವ ತೂಕ. "ಹೊರಗೆ ತಿಳಿದರೆ ನಾಳೆ ಸಂಬಂಧ ಕೂಡಿಬರುವುದು ಹೇಗೆ?" ಎಂಬ ಅಂಜಿಕೆಯಿಂದ ಎರಡು ವರ್ಷ ವೈದ್ಯರಿಗೆ ತೋರಿಸಲಿಲ್ಲವಂತೆ. ಆ ಅಂಜಿಕೆಯನ್ನು ಕಳೆಯುವುದಕ್ಕಾಗಿಯೇ ಈ ಸಲದ ಬರಹ.

ನಮ್ಮ ದೇಹದ ನಿರ್ನಾಳ ಗ್ರಂಥಿಗಳು ಸ್ರವಿಸುವ ರಾಸಾಯನಿಕಗಳು ರಕ್ತದಲ್ಲಿ ಬೆರೆತು ದೂರದ ಅಂಗಗಳಿಗೆ ಆಜ್ಞೆಯನ್ನು ಮುಟ್ಟಿಸುತ್ತವೆ. ಇವುಗಳಿಗೆ 1905ರಲ್ಲಿ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ಮುಟ್ಟು, ಬಸಿರು, ಬಾಣಂತನ, ಋತುಬಂಧ ಇವೆಲ್ಲವೂ ಇವುಗಳ ಹದವನ್ನೇ ಅವಲಂಬಿಸಿವೆ.

ಆ ಹುಡುಗಿಯಲ್ಲಿ ಕಂಡಂಥ ಲಕ್ಷಣಗಳಿಗೆ ಹೆಚ್ಚಾಗಿ ಕಾರಣವಾಗುವುದು ಪಿ.ಸಿ.ಓ.ಎಸ್. ಎಂಬ ತೊಂದರೆ. ಷಿಕಾಗೋದ ಸ್ಟೀನ್ ಮತ್ತು ಲೆವೆಂತಾಲ್ ಎಂಬ ವೈದ್ಯರು 1935ರಲ್ಲಿ ಇದನ್ನು ವಿವರಿಸಿದರು. ಹೆರುವ ವಯಸ್ಸಿನ ಹತ್ತು ಮಂದಿ ಸ್ತ್ರೀಯರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಅಂಡಾಶಯದಲ್ಲಿ ಅಂಡವು ಪಕ್ವವಾಗಿ ಹೊರಬರುವುದು ತಪ್ಪುತ್ತದೆ, ಪುರುಷ ಹಾರ್ಮೋನು ಮಿತಿಮೀರುತ್ತದೆ, ಇನ್ಸುಲಿನ್ನಿನ ಕೆಲಸವೂ ಕುಂದುತ್ತದೆ. ಅಲಕ್ಷಿಸಿದರೆ ಸಕ್ಕರೆ ಕಾಯಿಲೆ ಬರಬಹುದು. ಗರ್ಭಕೋಶದ ಒಳಪದರ ದಪ್ಪವಾಗಿ ಮುಂದೆ ಅಪಾಯಕ್ಕೂ ದಾರಿಯಾಗಬಹುದು. ಆದರೆ ಇದು ಬಂಜೆತನದ ಶಾಪವಲ್ಲ; ಚಿಕಿತ್ಸೆ ಪಡೆದು ತಾಯಂದಿರಾದವರು ಬಹಳ ಮಂದಿ.

ಮೈನೆರೆದ ಮೊದಲ ಎರಡು-ಮೂರು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಅನಂತರವೂ 35 ದಿನಗಳಿಗಿಂತ ಹೆಚ್ಚು ಅಂತರವಿದ್ದರೆ, ಅಥವಾ ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆ ಮುಟ್ಟಾದರೆ ವೈದ್ಯರನ್ನು ಕಾಣಲೇಬೇಕು. ಮುಟ್ಟನ್ನು ಕ್ರಮಕ್ಕೆ ತರಲು ಅವರು ಗರ್ಭನಿರೋಧಕ ಮಾತ್ರೆಗಳನ್ನೇ ಬರೆದುಕೊಡುವುದುಂಟು. ಮದುವೆಯಾಗದ ಹುಡುಗಿಗೆ ಇದೇನೆಂದು ತಾಯಂದಿರು ಗಾಬರಿಯಾಗಬಾರದು. ಗರ್ಭಕೋಶದ ಒಳಪದರವನ್ನು ಕಾಪಾಡುವುದು ಅದರ ಉದ್ದೇಶ.

ಇನ್ನೊಂದು ಥೈರಾಯ್ಡ್ ಗ್ರಂಥಿಯ ಕೊರತೆ. ಆಯಾಸ, ಚಳಿ ತಡೆಯದಿರುವುದು, ಮಲಬದ್ಧತೆ, ಅತಿಯಾದ ಮುಟ್ಟು ಇದರ ಸೂಚನೆಗಳು. ಒಂದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಕಾಪುವಿನಂತಹ ಕಡಲ ತೀರದಲ್ಲಿ ಇದ್ದೇವೆಂದ ಮಾತ್ರಕ್ಕೆ ಅಯೋಡಿನ್ ತಾನಾಗಿ ದೊರೆಯುವುದಿಲ್ಲ. ಸಮುದ್ರದ ಸಾದಾ ಉಪ್ಪಿನಲ್ಲಿ ಅದು ಅತ್ಯಲ್ಪ. ಶಾಕಾಹಾರಿಗಳಾದ ನಮಗೆ ಮೀನಿನಿಂದಲೂ ದೊರೆಯದು. ಆದುದರಿಂದ ಅಯೋಡಿನ್ ಬೆರೆಸಿದ ಉಪ್ಪನ್ನೇ ಬಳಸಿ, ಮುಚ್ಚಿದ ಡಬ್ಬಿಯಲ್ಲಿಡಿ. ವೈದ್ಯರು ಮಾತ್ರೆ ಕೊಟ್ಟರೆ ಬರಿಹೊಟ್ಟೆಯಲ್ಲಿ ನುಂಗಿ, ಕಾಫಿ ಕುಡಿಯಲು ಅರ್ಧ-ಮುಕ್ಕಾಲು ಗಂಟೆ ತಾಳಿ. ಕಬ್ಬಿಣ, ಸುಣ್ಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಬಸಿರಾದಾಗ ಈ ಮಾತ್ರೆಯನ್ನು ನಿಲ್ಲಿಸಲೇಬಾರದು. ಆಗ ಪ್ರಮಾಣವನ್ನು ಹೆಚ್ಚಿಸಬೇಕಾಗುವುದೇ ಹೆಚ್ಚು.

ನಡುವಯಸ್ಸಿನ ಸಹೋದರಿಯರಿಗೂ ಒಂದು ಮಾತು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ.

ಔಷಧದಷ್ಟೇ ಮುಖ್ಯ ದಿನಚರಿ. ತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಎಷ್ಟೋ ಮಂದಿಗೆ ಮುಟ್ಟು ಸರಿಹೋಗುತ್ತದೆ. ಬೇಕರಿ ತಿಂಡಿ, ಸಿಹಿ ಪಾನೀಯಗಳನ್ನು ಬಿಟ್ಟು ಮಿತವಾದ ಕುಚ್ಚಲಕ್ಕಿ ಅನ್ನ ಅಥವಾ ಜೋಳದ ರೊಟ್ಟಿ, ಹುರುಳಿ, ಹೆಸರುಕಾಳು, ಬಸಳೆ, ಹರಿವೆ ಬಳಸಿರಿ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಕಾಪುವಿನ ಕಡಲ ತೀರವಾದರೂ ಸರಿ, ಮಣಿಪಾಲದ ಎಂಡ್ ಪಾಯಿಂಟ್ ಆದರೂ ಸರಿ.

ವೈದ್ಯರಿಗಾಗಿ ದೂರ ಅಲೆಯಬೇಕಾದ ನಾಡು ನಮ್ಮದಲ್ಲ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಉಡುಪಿಯಲ್ಲಿ ಸರ್ಕಾರಿ ತಾಯಿ-ಮಕ್ಕಳ ಆಸ್ಪತ್ರೆಯಿದೆ. ದೂರವಿರುವುದು ಆಸ್ಪತ್ರೆಯಲ್ಲ, ನಮ್ಮ ಸಂಕೋಚ.

ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ರಜಸ್ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ತಳ್ಳಿಹಾಕಿದರು. ಮುಟ್ಟು ಮೈಲಿಗೆಯಲ್ಲವೆಂದು ಒಪ್ಪಿ ಲಿಂಗಪೂಜೆ ಮಾಡುವ ಮನೆಯಲ್ಲಿ, ಅದೇ ಮುಟ್ಟಿನ ಕಾಯಿಲೆಯನ್ನು ಗುಟ್ಟಾಗಿಡುವುದು ಸರಿಯೆ? ಗಂಡಸರೂ ಇದನ್ನು ಹೆಂಗಸರ ಮಾತೆಂದು ಬದಿಗಿಡದೆ ತಿಳಿದುಕೊಳ್ಳಬೇಕು.

ಆ ತಾಯಿ ಕೊನೆಗೂ ಮಗಳನ್ನು ಕರೆದೊಯ್ದರು. ಚಿಕಿತ್ಸೆ ಆರಂಭವಾಗಿದೆ. "ಅಮ್ಮಾ, ನನ್ನದು ತಪ್ಪಲ್ಲವಲ್ಲ?" ಎಂದು ಮರಳಿ ಬರುವಾಗ ಹುಡುಗಿ ಕೇಳಿದಳಂತೆ. ಆ ಪ್ರಶ್ನೆ ಕೇಳುವ ಮೊದಲೇ ನಿಮ್ಮ ಮಗಳಿಗೆ ಉತ್ತರ ಸಿಗಲಿ. ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನವನ್ನು ಗುರುತು ಹಾಕುವುದನ್ನು ಅವಳಿಗೆ ಕಲಿಸಿರಿ.