ಉಜ್ಜಿದರೆ ಆತ್ಮ ಸಿಗುತ್ತದೆಯೇ?

ಹೆವಿ ಮೆಟಲ್ ಆಲ್ಬಂಗಳ ರೀಮಾಸ್ಟರ್ ಕೇಳುವುದನ್ನು ಅದ್ವೈತ ಸಾಧನೆಗೆ ಹೋಲಿಸಿದ ಲೇಖನ ಓದಿದೆ. ಹಳೆಯ ಟೇಪಿನ ಮಂಕು ತೆಗೆದರೆ ಅಸಲಿ ಸಂಗೀತ, ಅಹಂಕಾರದ ಮಂಕು ತೆಗೆದರೆ ಅಸಲಿ ‘ನಾನು’ ಎನ್ನುತ್ತಾರೆ ಲೇಖಕರು. ಓದಲು ಸೊಗಸು. ಆದರೆ ಎರಡೂ ಕಡೆ ತಪ್ಪು.

ರೀಮಾಸ್ಟರ್ ಮಾಡುವವರು ಮಿಕ್ಸಿಂಗ್ ಮುಗಿದ ಧ್ವನಿಯನ್ನು ತಿದ್ದುತ್ತಾರೆಯೇ ಹೊರತು ವಾದ್ಯಗಳನ್ನು ಬಿಡಿಸಿ ಮತ್ತೆ ಜೋಡಿಸುವುದಿಲ್ಲ. ಮೆಟಾಲಿಕಾದ 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ 2018ರಲ್ಲಿ ರೀಮಾಸ್ಟರ್ ಆಗಿ ಬಂತು. ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಗಿಟಾರ್ ಮಾತ್ರ ಈಗಲೂ ಕಿವಿಗೊಟ್ಟು ಹುಡುಕಬೇಕು! ಅಸಲಿ ಸಂಗೀತ ಎಲ್ಲಿ ಅಡಗಿತ್ತು ಸ್ವಾಮಿ?

ಆತ್ಮದ ವಿಷಯಕ್ಕೆ ಬಂದರೆ, ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಇದೇ ವಾದವನ್ನು ಎದುರಾಳಿಯ ಬಾಯಲ್ಲಿ ಹೇಳಿಸುತ್ತಾರೆ. ಕನ್ನಡಿ ಉಜ್ಜಿದರೆ ಹೊಳಪು ಕಾಣುವ ಹಾಗೆ ಆತ್ಮವೂ ಏಕೆ ಕಾಣಬಾರದು? ಅವರು ಒಪ್ಪುವುದಿಲ್ಲ. ಯಾವ ಕ್ರಿಯೆಯೂ ಅಂಟದ ಆತ್ಮವನ್ನು ಸಂಸ್ಕರಿಸುವ ಮಾತೇ ಇಲ್ಲ. ಅದ್ವೈತ ಮಠವಿರುವ ಯಡತೊರೆಯಲ್ಲಿ, ಅಂದರೆ ನಮ್ಮ ಕೆ.ಆರ್. ನಗರದಲ್ಲಿ, ಯಾರನ್ನಾದರೂ ಕೇಳಬಹುದಿತ್ತು.

ಕೊನೆಗೆ, ಗದ್ದಲ ಬಿಟ್ಟು ಶಾಂತವಾದ ನದಿ ದಡಕ್ಕೆ ಹೋಗಿ ಎಂಬ ಆ ಲೇಖಕರ ಉಪದೇಶ ಬೇರೆ. ಮಳೆಗಾಲದಲ್ಲಿ ಚುಂಚನಕಟ್ಟೆಗೆ ಬನ್ನಿ. ಸುಮಾರು 60 ಅಡಿ ಧುಮುಕುವ ಕಾವೇರಿಯ ಎದುರು ಪಕ್ಕದವರ ಮಾತು ಕೇಳಿಸುವುದಿಲ್ಲ. ಅಲ್ಲೇ ಇರುವ ಕೋದಂಡರಾಮನ ಗರ್ಭಗುಡಿಯೊಳಗೆ ಆ ಭೋರ್ಗರೆತ ಕೇಳದು ಎನ್ನುತ್ತಾರೆ ಊರವರು. ಹಾಗೆಂದು ಜಲಪಾತ ನಿಲ್ಲಿಸಿ ಎಂದು ಯಾರೂ ಅರ್ಜಿ ಕೊಟ್ಟಿಲ್ಲ. ಮೆಟಲ್ ಕೇಳಿ ಖುಷಿಪಡುವವರೂ ವೇದಾಂತದ ಪರವಾನಗಿ ಕೇಳಿಲ್ಲ.